ತಲೆ ತಿರುಗಿದ ಮನೆಗೆ ಡಾಕ್ಟರ್ ಬಂದದ್ದು

ಆ ದಿನ ಬೆಳಿಗ್ಗೆ ನಮ್ಮ ಅತ್ತೆ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದರು, ಅಷ್ಟೇ. ಗೋಡೆ, ಕಪಾಟು, ಕಿಟಕಿ ಎಲ್ಲ ಸೇರಿ ಗಿರಗಿರ ತಿರುಗತೊಡಗಿದವಂತೆ. ನಾನು ಅಡುಗೆಮನೆಯಲ್ಲಿ ಹಾಲು ಕಾಯಲು ಇಟ್ಟು ನಿಂತಿದ್ದೆ. ಸೊಸೆಯಾದ ನನ್ನನ್ನು ಅವರು ಕರೆಯುವುದು ತಂಗಿ ಎಂದೇ.

"ಏ ತಂಗೀ, ಲಗೂನ ಬಾ! ಮನಿ ತಿರಗಲಿಕ್ಕೆ ಹತ್ತೇದ!"

ಓಡಿಹೋಗಿ ನೋಡಿದರೆ, ಘಾಟಿನಲ್ಲಿ ಬಸ್ಸಿನ ಕಂಬಿ ಹಿಡಿದು ಕೂತವರ ಹಾಗೆ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದರು. ಅಲುಗಾಡದೆ ಇದ್ದರೆ ಸ್ವಲ್ಪ ಹೊತ್ತಿಗೆ ಎಲ್ಲ ನಿಲ್ಲುತ್ತಿತ್ತು. ಏಳಲು ಹೋದರೆ ಮತ್ತೆ ಶುರು, ಜೊತೆಗೆ ವಾಂತಿ. ಎರಡು ಸಲ ಎಬ್ಬಿಸಲು ನೋಡಿ, ಎರಡು ಸಲವೂ ಬಕೆಟ್ ಹಿಡಿದು ನಿಂತೆ.

ನನ್ನ ಗಂಡ ಆಗಲೇ ಕಂಪನಿ ಬಸ್ಸು ಹತ್ತಿ ನಮ್ಮ ಈ ಮರಾಠಿ ಊರಿನಾಚೆಯ ತಳೇಗಾಂವಕ್ಕೆ ಹೋಗಿಯಾಗಿತ್ತು. ಫ್ಯಾಕ್ಟರಿಯೊಳಗೆ ಫೋನು ಲಾಕರಿನಲ್ಲಿ ಇಡಬೇಕು, ಊಟದ ಹೊತ್ತಿನವರೆಗೆ ಸಿಗುವುದಿಲ್ಲ. ಆಸ್ಪತ್ರೆಗೆ ಕರೆದೊಯ್ಯೋಣವೆಂದರೆ ಕೂರಲೇ ಆಗದವರನ್ನು ರಿಕ್ಷಾದಲ್ಲಿ ಹೇಗೆ ಕೂರಿಸುವುದು? ಆಗ ನೆನಪಾಯಿತು, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಮನೆಗೆ ಡಾಕ್ಟರನ್ನು ಕಳಿಸುವವರ ನಂಬರ್ ಹಾಕಿದ್ದರು.

ಫೋನೆತ್ತಿದ ಹೆಂಗಸಿನ ದನಿ ತುಂಬ ಸಮಾಧಾನದ್ದು. ಹಿಂದಿಯಲ್ಲಿ ಒಂದೊಂದಾಗಿ ಕೇಳುತ್ತ ಹೋದಳು. ವಯಸ್ಸೆಷ್ಟು, ಬಿದ್ದಿದ್ದಾರಾ, ಎದೆ ನೋವಿದೆಯಾ, ಮಾತು ತೊದಲುತ್ತಿದೆಯಾ, ಕೈಕಾಲಿನ ಶಕ್ತಿ ಕುಂದಿದೆಯಾ, ನಕ್ಕರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತದಾ. ಇದರಲ್ಲಿ ಒಂದು ಇದ್ದರೂ ನಾವು ಬರೋದಿಲ್ಲ, ಆಂಬುಲೆನ್ಸ್ ಕರೆದು ಸೀದಾ ಆಸ್ಪತ್ರೆಗೆ ಹೋಗಿ, ಅಂದಳು. ನಾನು ಫೋನು ಕಿವಿಗಿಟ್ಟುಕೊಂಡೇ ಪರೀಕ್ಷೆ ಶುರುಮಾಡಿದೆ.

"ಅತ್ತೆ, ಒಂದು ಸಲ ನಗಿ."

"ಇದೇನು ನಗೋ ಹೊತ್ತೇನವಾ?"

"ಡಾಕ್ಟರ್ ಕಡೆಯವರು ಕೇಳ್ತಿದ್ದಾರೆ, ಪ್ಲೀಸ್."

ಕಣ್ಣು ಮುಚ್ಚಿಕೊಂಡೇ ಮೂವತ್ತೆರಡು ಹಲ್ಲೂ ಕಾಣುವ ಹಾಗೆ ಹಲ್ಲು ಕಿರಿದರು. ಬಾಯಿ ನೆಟ್ಟಗಿತ್ತು.

"ಈಗ ಎರಡೂ ಕೈ ಮೇಲೆತ್ತಿ."

"ಕೈ ಬಿಟ್ರ ಬೀಳ್ತೀನಿ."

"ಮಲಗಿದ್ದೀರಲ್ಲ ಅತ್ತೆ, ಎಲ್ಲಿಗೆ ಬೀಳ್ತೀರಿ?"

ಒಲ್ಲದ ಮನಸ್ಸಿನಿಂದ ಎತ್ತಿದರು. ಎರಡೂ ಸಮನಾಗಿ ನಿಂತವು. ಅಷ್ಟನ್ನು ಫೋನಿನಲ್ಲಿ ಹೇಳಿದೆ. ಹೆಂಗಸು ಕೊನೆಗೆ ಕೇಳಿದ್ದು, ಮನೆಯಲ್ಲಿ ನಾಯಿ ಇದೆಯಾ ಅಂತ. ಅದನ್ನು ನಾನು ಗಟ್ಟಿಯಾಗಿ ಅತ್ತೆಗೆ ಹೇಳಿದ್ದೇ ತಪ್ಪಾಯಿತು. "ನಾಯಿಗೂ ನೋಡ್ತಾರೇನು ಇವರು?" ಅಂದವರು ಆಮೇಲೆ ತುಸು ಹೊತ್ತು ಗುಮಾನಿಯಲ್ಲೇ ಇದ್ದರು. ಮಧ್ಯಾಹ್ನದೊಳಗೆ ಬರುತ್ತಾರೆ, ಕೋಣೆಯಲ್ಲಿ ಬೆಳಕಿರಲಿ, ದಿನಾ ತಗೊಳ್ಳುವ ಮಾತ್ರೆಗಳು ಕೈಗೆ ಸಿಗುವ ಹಾಗಿರಲಿ ಎಂದು ಹೇಳಿ ಫೋನಿಟ್ಟಳು.

ನಾನಾಗಿದ್ದರೆ ಅಷ್ಟು ಮಾಡಿ ಸುಮ್ಮನಾಗುತ್ತಿದ್ದೆ. ನಾನು ತುಮಕೂರಿನ ಕಡೆಯವಳು, ಡಾಕ್ಟರ್ ಮನೆಗೆ ಬಂದದ್ದನ್ನು ಕಂಡವಳೇ ಅಲ್ಲ. ಅತ್ತೆ ಧಾರವಾಡದಲ್ಲಿ ಬೆಳೆದವರು. ಅವರ ಚಿಕ್ಕಂದಿನಲ್ಲಿ ಡಾಕ್ಟರ್ ಮನೆಗೆ ಬಂದರೆ ಅವರ ಅಪ್ಪ ಬಾಗಿಲಿಗೆ ಹೋಗಿ ಬ್ಯಾಗು ತಾವೇ ಹಿಡಿದುಕೊಂಡು ಬರುತ್ತಿದ್ದರಂತೆ. ಹಿತ್ತಾಳೆ ತಂಬಿಗೆಯಲ್ಲಿ ಬಿಸಿನೀರು, ಕವರ್ ಬಿಚ್ಚದ ಸೋಪು, ಇಸ್ತ್ರಿ ಮಾಡಿದ ಟವೆಲು. ಕಣ್ಣು ಮುಚ್ಚಿಕೊಂಡೇ ಮಲಗಿದ್ದಲ್ಲಿಂದ ಆರ್ಡರುಗಳು ಹೊರಟವು. "ಆ ಖುರ್ಚಿ ಮ್ಯಾಲಿನ ಅರಿವಿ ತಗಿ. ಅವಲಕ್ಕಿ ಹಚ್ಚು. ಶೇಂಗಾ ಜಾಸ್ತಿ ಹಾಕು." ಕಡೆಗೆ, "ನೈಟಿ ಮ್ಯಾಲ ಡಾಕ್ಟರಿಗೆ ಮುಖ ತೋರಸ್ಲೇನು?"

ತಲೆ ಎತ್ತಲಾಗದವರಿಗೆ ಸೀರೆ ಉಡಿಸುವುದನ್ನು ಯಾರೂ ನನಗೆ ಕಲಿಸಿರಲಿಲ್ಲ. ಇಳಕಲ್ ಸೀರೆಯನ್ನು ಹೊದಿಕೆಯ ಹಾಗೆ ಹೊದಿಸಿ, ಎರಡು ಪಕ್ಕದಲ್ಲೂ ಸಿಕ್ಕಿಸಿ, ಸೆರಗನ್ನು ಹೆಗಲ ಮೇಲೆ ಎಳೆದು ಇಟ್ಟೆ. ಮುಂದಿನಿಂದ ನೋಡಿದರೆ ಲಕ್ಷಣವಾಗಿಯೇ ಕಾಣುತ್ತಿದ್ದರು. ಪಕ್ಕದಿಂದ ನೋಡಿದರೆ ಕೊರಿಯರಿಗೆ ಕೊಡಲು ಕಟ್ಟಿಟ್ಟ ಹಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. "ನಗ್ತೀಯಾ? ನಗು ನಗು" ಅಂದರು. ಅವರ ತುಟಿಯೂ ಅದುರಿತು, ಕೂಡಲೇ ಕೋಣೆ ಒಂದು ಸುತ್ತು ಹಾಕಿತೆಂದು ಗಪ್ಪಾದರು.

ಅಷ್ಟರಲ್ಲಿ ನನ್ನ ಆಫೀಸಿನ ಮೀಟಿಂಗ್ ಶುರುವಾಯಿತು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗಲೇ ಬೆಲ್ಲು. ಬಾಗಿಲಲ್ಲಿ ಗರಿಗರಿಯಾದ ಶರ್ಟಿನ ಗಂಡಸು, ಕೈಯಲ್ಲಿ ಕಪ್ಪು ಬ್ಯಾಗು. ಮರಾಠಿಯಲ್ಲಿ, ಬುಕಿಂಗ್ ಮಾಡಿದ್ದಿರಲ್ಲ, ಅಂದ. ಹೌದು ಹೌದು, ಬನ್ನಿ ಎಂದು ಬ್ಯಾಗು ಕಿತ್ತುಕೊಂಡಂತೆ ತೆಗೆದುಕೊಂಡು ಅತ್ತೆಯ ಕೋಣೆಗೆ ಕರೆದೊಯ್ದೆ. ಅವನನ್ನು ಖುರ್ಚಿಯ ಮೇಲೆ ಕೂರಿಸಿ, ಏನಿದ್ದರೂ ಇವರನ್ನೇ ಕೇಳಿ ಎಂದು ಹೇಳಿ, ಮೀಟಿಂಗಿನಲ್ಲಿ ಒಂದು ಮಾತು ಹೇಳಿ ಮುಗಿಸಲು ಹೊರಗೆ ಬಂದೆ. ಒಳಗಿನ ಮಾತು ಪೂರಾ ಕೇಳುತ್ತಿತ್ತು.

"ಪಾಣಿ ನೀಟ ಯೇತಂ ಕಾ?" ಎಂದು ಅವನು ಕೇಳಿದ. ನೀರು ಸರಿಯಾಗಿ ಬರುತ್ತಿದೆಯಾ ಅಂತ.

ಗಂಡಸು ಡಾಕ್ಟರರ ಹತ್ತಿರ ಇಂಥ ಮಾತಾಡಿ ಅತ್ತೆಗೆ ಅಭ್ಯಾಸವಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲೇ, ಬರುತ್ತದೆ, ಮೊದಲಿನ ಹಾಗಿಲ್ಲ, ಅಂದರು.

"ಧಾರೆ ಸಣ್ಣದಾಗಿದೆಯಾ?"

"ಆಗಿದೆ."

"ರಾತ್ರಿ ಹೊತ್ತು ಪ್ರೆಶರ್ ಕಡಿಮೆ ಇರುತ್ತೆ."

"ಪ್ರೆಶರಿಗೆ ದಿನಾ ಗುಳಿಗೆ ತಗೊಳ್ತೀನಿ."

ಅವನಿಗೆ ಇದು ಅರ್ಥವಾದಂತೆ ಕಾಣಲಿಲ್ಲ. ಆದರೂ ಇಲ್ಲಿಯ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದು ಮುಂದುವರಿಸಿದ. "ವಾಸನೆ ಏನಾದರೂ ಇದೆಯಾ?"

"ಏನೂ ಇಲ್ಲ!" ಎಂದರು ಅತ್ತೆ, ಸಿಟ್ಟಿನಿಂದ.

"ಹಾಗಾದರೆ ಬಿಚ್ಚಿಯೇ ನೋಡಬೇಕು, ಕಾಕು. ಒಳಗೆ ಕಸ ಕಟ್ಟಿರುತ್ತೆ. ಹಳೇದನ್ನು ತೆಗೆದು ಹೊಸದು ಹಾಕಿದರೆ ಆಯ್ತು. ಅರ್ಧ ಗಂಟೆ ಕೆಲಸ."

"ಏ ತಂಗೀ!" ಎಂದು ಅತ್ತೆ ಕನ್ನಡದಲ್ಲಿ ಕೂಗಿದ್ದು ಇಡೀ ಬಿಲ್ಡಿಂಗಿಗೆ ಕೇಳಿಸಿರಬೇಕು. "ಓಡಿ ಬಾ! ಇಂವಾ ಮನ್ಯಾಗs ಆಪರೇಶನ್ ಮಾಡ್ತೀನಿ ಅಂತಾನ!"

ನಾನು ಲ್ಯಾಪ್‌ಟಾಪ್ ಎತ್ತಿಕೊಂಡೇ ಒಳಗೆ ಓಡಿದೆ. ಅವನು ಬ್ಯಾಗಿನಿಂದ ದೊಡ್ಡದೊಂದು ಸ್ಪ್ಯಾನರ್ ಹೊರಗೆ ತೆಗೆದು ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಆಗ ನನಗೆ ಹೊಳೆಯಿತು. ಕುಡಿಯುವ ನೀರಿನ ಫಿಲ್ಟರ್ ನಿಧಾನವಾಗಿದೆ ಎಂದು ಹೋದ ವಾರ ನಾನೇ ಕಂಪ್ಲೇಂಟ್ ಕೊಟ್ಟಿದ್ದೆ. ಹೇಳಲು ಬಾಯಿ ತೆರೆದರೆ ನಗು ಬಂದು ಮಾತೇ ಹೊರಡಲಿಲ್ಲ. ಸಾಲದ್ದಕ್ಕೆ ಲ್ಯಾಪ್‌ಟಾಪಿನೊಳಗಿಂದಲೂ ಹತ್ತು ಜನ ನಗುವ ಸದ್ದು. ನಾನು ಮ್ಯೂಟ್ ಮಾಡಿರಲಿಲ್ಲ. ನಮ್ಮ ಟೀಮಿನ ಮರಾಠಿಯವರೆಲ್ಲ ಧಾರೆಯಿಂದ ಆಪರೇಶನ್‌ವರೆಗೆ ಎಲ್ಲ ಕೇಳಿಸಿಕೊಂಡಿದ್ದರು.

ಫಿಲ್ಟರಿನವನಿಗೆ ವಿಷಯ ತಿಳಿದಾಗ ಕಿವಿಯವರೆಗೆ ಕೆಂಪಾದ. ಅತ್ತೆಗೆ ಕೈಮುಗಿದು ಅಡುಗೆಮನೆಗೆ ಓಡಿಹೋದ. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸೆರಗು ಕುಲುಕುಲು ಅಲುಗುತ್ತಿತ್ತು.

ನಿಜವಾದ ಡಾಕ್ಟರ್ ಬಂದದ್ದು ಆಮೇಲೆ. ಸ್ಕೂಟರಿನ ಹೆಲ್ಮೆಟ್ಟು ಕೈಯಲ್ಲಿ, ಬೆನ್ನಿಗೆ ಚೀಲ, ಒಂದೇ ಜಡೆ, ಸಣ್ಣ ಮೈಕಟ್ಟಿನ ಹುಡುಗಿ. ಈ ಸಲ ಬಾಗಿಲಲ್ಲೇ ನಿಲ್ಲಿಸಿ, ನೀವು ಡಾಕ್ಟರೇ ಅಲ್ಲವಾ ಎಂದು ಕೇಳಿಯೇ ಒಳಗೆ ಬಿಟ್ಟೆ. ಮರಾಠಿಯಲ್ಲಿ ನಮಸ್ಕಾರ ಹೇಳಿ, ಹೊಸ ಸೋಪಿನಲ್ಲಿ ಕೈ ತೊಳೆದು, ಬಿ.ಪಿ. ನೋಡಲು ಅತ್ತೆಯ ತೋಳಿಗೆ ಪಟ್ಟಿ ಸುತ್ತಿದಳು. ಅತ್ತೆ ಒಂದು ಕಣ್ಣು ಮಾತ್ರ ತೆರೆದು ಅವಳನ್ನು ನೋಡಿ, ಕನ್ನಡದಲ್ಲಿ ನನಗೆ ಹೇಳಿದರು:

"ಇಕಿ ಡಾಕ್ಟರೇನು? ಇನ್ನಾ ಕಾಲೇಜಿಗೆ ಹೋಗೋ ಹುಡುಗಿ ಇದ್ದಂಗಿದ್ದಾಳ. ಆ ನೀರಿನವನs ಬೇಶಿದ್ದ."

ಡಾಕ್ಟರ್ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ತಲೆ ಯಾವಾಗ ತಿರುಗುತ್ತದೆ, ಎಷ್ಟು ಹೊತ್ತು, ಯಾವ ಮಗ್ಗುಲಿಗೆ ಹೊರಳಿದರೆ ಜಾಸ್ತಿ, ಕಿವಿ ಕೇಳಿಸುತ್ತದಾ, ಕುತ್ತಿಗೆ ನೋವಿದೆಯಾ ಎಂದು ಮರಾಠಿಯಲ್ಲಿ ಕೇಳಿದಳು. ಬೆರಳನ್ನು ಅತ್ತಿತ್ತ ಆಡಿಸಿ ಕಣ್ಣು ನೋಡಿದಳು. ಕೈಕಾಲು ಒತ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಇವರ ತಲೆಯ ಹಿಂದೆ ತನಗೆ ನಿಲ್ಲಲು ಜಾಗ ಬೇಕು, ಮಂಚ ಗೋಡೆಯಿಂದ ಈಚೆಗೆ ಎಳೆಯಬೇಕು, ಅಂದಳು.

ಆ ಮಂಚ ಧಾರವಾಡದಿಂದ ಲಾರಿಯಲ್ಲಿ ಬಂದ ಸಾಗವಾನಿಯದು. ಅತ್ತೆ ಮೇಲೆ ಮಲಗಿದ್ದ ಹಾಗೆಯೇ ಅದನ್ನು ಎಳೆಯಬೇಕಿತ್ತು. ಅಡುಗೆಮನೆಯಿಂದ ಫಿಲ್ಟರಿನವನನ್ನೇ ಕರೆದೆ. ಮೂವರೂ ಸೇರಿ ಎಳೆದೆವು. "ಸಾವಕಾಶ, ಸಾವಕಾಶ" ಎಂದು ಅತ್ತೆ ಮೇಲಿಂದ ಕೂಗುತ್ತಿದ್ದರು. ಹಿಂದೆ ಎರಡು ಬಾಚಣಿಗೆ, ಒಂದು ಚಪ್ಪಲಿ, ದೀಪಾವಳಿಯಿಂದ ಕಳೆದುಹೋಗಿದ್ದ ಟಿ.ವಿ. ರಿಮೋಟು ಸಿಕ್ಕವು.

ಡಾಕ್ಟರ್ ಅತ್ತೆಯನ್ನು ಮೆಲ್ಲಗೆ ಎಬ್ಬಿಸಿ, ಕಾಲು ಚಾಚಿ ಕೂರಿಸಿ, ವಾಂತಿ ಬಂದರೆ ಬಕೆಟ್ ಇದೆ ಎಂದು ಧೈರ್ಯ ಹೇಳಿದಳು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಲಕ್ಕೆ ತಿರುಗಿಸಿ, ಒಂದೇ ಸಲಕ್ಕೆ ಹಿಂದಕ್ಕೆ ಮಲಗಿಸಿದಳು. ತಲೆ ಮಂಚದ ಅಂಚಿನಿಂದ ತುಸು ಕೆಳಗೆ, ಅವಳ ಕೈಯಲ್ಲಿ.

"ಅಯ್ಯಯ್ಯೋ ಯವ್ವಾ, ಸತ್ತೆ! ಈ ಹುಡುಗಿ ನನ್ನ ಕೊಲ್ಲಲಿಕ್ಕೆ ಹತ್ತ್ಯಾಳ!"

"ಕೊಲ್ಲಂಗಿಲ್ರೀ ಕಾಕು," ಅಂದಳು ಡಾಕ್ಟರ್, ಅಚ್ಚ ಕನ್ನಡದಲ್ಲಿ. "ಕಣ್ಣ ತಗೀರಿ. ನನ್ನ ಮೂಗು ನೋಡ್ರಿ."

ಅತ್ತೆಯ ಕಣ್ಣುಗಳು ಫಟ್ಟನೆ ತೆರೆದುಕೊಂಡವು. ಬರೇ ತೆರೆದುಕೊಳ್ಳಲಿಲ್ಲ, ಕರಿಗುಡ್ಡೆಗಳು ಟಕಟಕ ಕುಣಿಯುತ್ತಿದ್ದವು. ನಾನು ಹೆದರಿ ಹೋದೆ. ಡಾಕ್ಟರಿಗೆ ಮಾತ್ರ ಪರಮಾನಂದ. "ಬಂತು ಬಂತು! ನೋಡ್ರಿ ಅಕ್ಕಾ, ಹೆಂಗ ಕುಣೀಲಿಕ್ಕೆ ಹತ್ತ್ಯಾವ! ಕಿವಿಯೊಳಗ ಸಣ್ಣ ಸಣ್ಣ ಹರಳು ಇರ್ತಾವ್ರಿ. ಅವು ಜಾಗಾ ಬಿಟ್ಟು ಬ್ಯಾರೆ ಕಡೆ ಹೊಕ್ಕಾವ. ತಲಿ ತಿರುಗಿಸಿ ತಿರುಗಿಸಿ ವಾಪಸ್ ಅವುಗಳ ಮನಿಗೆ ಕಳಸೋದು, ಅಷ್ಟs."

ಪ್ರತಿ ಸಲ ತಲೆ ಹೊರಳಿಸಿದ ಮೇಲೆ ತುಸು ಹೊತ್ತು ಹಾಗೇ ಕಾಯಬೇಕಿತ್ತು. ತಲೆ ಜೋತುಬಿಟ್ಟುಕೊಂಡೇ ಅತ್ತೆ ವಿಚಾರಣೆಗೆ ಇಳಿದರು.

"ನಿನ್ನ ಊರು ಯಾವದವಾ?"

"ಬೆಳಗಾವ್ರಿ. ತಲಿ ಅಲುಗಿಸಬ್ಯಾಡ್ರಿ."

"ಮತ್ತ ನಾ ಅಂದಿದ್ದೆಲ್ಲಾ ತಿಳೀತೇನು?"

"ಎಲ್ಲಾ ತಿಳೀತ್ರಿ."

"ಮೊದಲs ಹೇಳಬಾರದಾ?"

"ಹೇಳಿದ್ರ ನೀವು ಖರೇ ಮಾತಾಡ್ತಿದ್ದಿಲ್ರಿ."

ಎಡಕ್ಕೆ ತಿರುಗಿಸಿದ್ದಾಯಿತು. ಎಡ ಹೆಗಲ ಮೇಲೆ ಹೊರಳಿಸಿ, ಮುಖ ನೆಲ ನೋಡುವ ಹಾಗೆ ಹಿಡಿದದ್ದಾಯಿತು. ಕಡೆಗೆ ಎಬ್ಬಿಸಿ ಕೂರಿಸಿದಳು. ಅತ್ತೆ ಅವಳ ತೋಳು ಗಟ್ಟಿಯಾಗಿ ಹಿಡಿದುಕೊಂಡು ಕೂತರು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಸಲ ಮೊದಲಿನ ಹಾಗೇ ಹಿಂದಕ್ಕೆ ಮಲಗಿಸಿ ನೋಡಿದಳು. ನಾನು ಬಕೆಟ್ ಹಿಡಿದು ನಿಂತೆ. ಕಣ್ಣು ಕುಣಿಯಲಿಲ್ಲ. ಏನೂ ಆಗಲಿಲ್ಲ.

ಕೂತ ಮೇಲೆ ಅತ್ತೆ ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. ಹೆದರುತ್ತ ಹೆದರುತ್ತ ಮೇಲೆ ನೋಡಿದರು.

"ನಿಂತದ," ಅಂದರು ಮೆಲ್ಲಗೆ. ಆಮೇಲೆ ಜೋರಾಗಿ, "ಏ ತಂಗೀ, ಮನಿ ನಿಂತದ!"

ಬೆಳಗಿನಿಂದ ನನ್ನೊಳಗೆ ಎಷ್ಟು ಭಯ ಕೂತಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಮಂಚದ ಮೇಲೆ ಅವರ ಪಕ್ಕ ಕೂತುಬಿಟ್ಟೆ. ಅಳುತ್ತಿದ್ದೇನೋ ನಗುತ್ತಿದ್ದೇನೋ ತಿಳಿಯದ ಹಾಗೆ ಎರಡೂ ಒಟ್ಟಿಗೆ ಬಂದವು. ಅತ್ತೆಯೂ ಶುರುಮಾಡಿದರು. ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದ ಫಿಲ್ಟರಿನವನು ಚಪ್ಪಾಳೆ ತಟ್ಟಿ, ನೀರೂ ಸರಿಯಾಯಿತು ಎಂದು ಮರಾಠಿಯಲ್ಲಿ ಹೇಳಿದ. ಅದನ್ನು ಕೇಳಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ಬಿದ್ದೆವು. ಕಾರಣ ಗೊತ್ತಿಲ್ಲದ ಡಾಕ್ಟರೂ ನಮ್ಮನ್ನು ನೋಡಿ ನಗತೊಡಗಿದಳು.

ನಾಲ್ವರೂ ಅವಲಕ್ಕಿ ತಿಂದೆವು. ಒಂದೆರಡು ದಿನ ತೇಲಿದ ಹಾಗೆ ಅನಿಸಬಹುದು, ಇದು ಮರಳಿ ಬರಲೂಬಹುದು, ಬಂದರೆ ನನ್ನ ಕ್ಲಿನಿಕ್ಕಿಗೆ ಬನ್ನಿ, ಮಾತು ತೊದಲಿದರೆ, ಕೈಕಾಲಿನ ಶಕ್ತಿ ಹೋದರೆ ಮಾತ್ರ ನನಗೆ ಕಾಯದೆ ಆಸ್ಪತ್ರೆಗೆ ಓಡಿ ಎಂದು ಡಾಕ್ಟರ್ ತಿಳಿಸಿ ಹೇಳಿದಳು. ಅತ್ತೆ ಕಪಾಟಿನಿಂದ ಒಂದು ಕುಪ್ಪಸದ ಖಣ ತೆಗೆಸಿ, ಕುಂಕುಮ ಹಚ್ಚಿ ಕೊಡಹೋದರು.

"ಪೇಶಂಟ್ ಕಡಿಂದ ಏನೂ ತಗೋಬಾರದ್ರೀ ಕಾಕು."

"ನಾ ಈಗ ಪೇಶಂಟ್ ಅಲ್ಲಲಾ?" ಅಂದರು ಅತ್ತೆ. ಡಾಕ್ಟರ್ ಖಣವನ್ನು ಚೀಲಕ್ಕೆ ಹಾಕಿಕೊಂಡಳು.

ಊಟದ ಹೊತ್ತಿಗೆ ನನ್ನ ಮೆಸೇಜು ನೋಡಿದ ನನ್ನ ಗಂಡ ಅರ್ಧ ದಿನ ರಜೆ ಹಾಕಿ, ಎರಡು ಎಳನೀರು ಹಿಡಿದು, ಬೆವರಿಳಿಸಿಕೊಂಡು ಓಡಿಬಂದರು. ಕೋಣೆಯ ನಡುವೆ ಅಡ್ಡಾದಿಡ್ಡಿ ನಿಂತ ಮಂಚ, ಅದರ ಮೇಲೆ ಸೀರೆ ಸುತ್ತಿಕೊಂಡು ಕೂತು ಎರಡನೇ ಸಲ ಅವಲಕ್ಕಿ ತಿನ್ನುತ್ತಿದ್ದ ಅವರ ಅವ್ವ. "ಡಾಕ್ಟರ್ ಏನ್ ಔಷಧ ಕೊಟ್ರು?" ಎಂದು ಕೇಳಿದರು.

"ತಲಿ ಹಿಡದು ತಿರಿವಿದ್ರು," ಅಂದರು ಅತ್ತೆ.

"ಅಷ್ಟs?"

"ಅಷ್ಟs."

ಹತ್ತು ದಿನದ ಮೇಲೆ ಬಗ್ಗಿ ಹಿಟ್ಟಿನ ಡಬ್ಬಿ ತೆಗೆಯುವಾಗ ಸಣ್ಣಗೆ ಮತ್ತೊಮ್ಮೆ ಬಂತು. ಈ ಸಲ ಅತ್ತೆ ಹೆದರಲಿಲ್ಲ. ರಿಕ್ಷಾದಲ್ಲಿ ಕ್ಲಿನಿಕ್ಕಿಗೆ ಹೋಗಿ, ಕುಳಿತ ಕೂಡಲೇ ತಾವೇ ತಲೆ ಬಲಕ್ಕೆ ತಿರುಗಿಸಿಕೊಟ್ಟರು. ಅಲ್ಲಿಂದ ಮುಂದೆ ಅವರು ನಮ್ಮ ಸೊಸೈಟಿಗೆ ತಲೆ ತಿರುಗುವುದರ ವಿಶಾರದೆಯೇ ಆಗಿಬಿಟ್ಟರು. ಸಂಜೆ ಗಾರ್ಡನ್ನಿನ ಬೆಂಚಿನ ಮೇಲೆ ಬೇರೆ ಹೆಂಗಸರ ತಲೆಗೆ ಕೈ ಹಾಕದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ಮೊನ್ನೆ ಕೆಳಗಿನ ಮನೆಯ ಮರಾಠಿ ಕಾಕು ಅದೇ ನಂಬರಿಗೆ ಫೋನು ಮಾಡಿ ಡಾಕ್ಟರನ್ನು ಕರೆಸಿದರು. ಗೊತ್ತಾದ ಕೂಡಲೇ ಅತ್ತೆ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು. ಸ್ವಲ್ಪ ಹೊತ್ತಿಗೆಲ್ಲ ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದರು.

"ಏನಾಯ್ತು ಅತ್ತೆ?" ಎಂದೆ.

"ಏನೂ ಇಲ್ಲವಾ. ಆಕಿಗೆ ಬರೇ ನೆಗಡಿ," ಅಂದರು.