ಕಪ್ಪು ಸೀಟ್‌ಪೋಸ್ಟಿನ ಆಸೆ

ಸ್ನೇಹಿತರೇ, ಇವತ್ತು ಸಂಜಯನಗರದಿಂದ ಕೊಡಿಗೇಹಳ್ಳಿ ಹತ್ತಿರದವರೆಗೂ, ಸೈಕಲ್ಲಿಗೆ ಸೀಟಿದ್ದೂ ನಿಂತುಕೊಂಡೇ ಹೋದೆ.

ಸೀಟನ್ನು ಹೊರುವ ಕಂಬಿಗೆ ಸೀಟ್‌ಪೋಸ್ಟ್ ಅನ್ನುತ್ತಾರೆ. ನನ್ನ ಸೈಕಲ್ಲಿನ ಹಳೆಯದನ್ನು ಬದಲಿಸಲು ಹೋದ ಅಂಗಡಿಯಲ್ಲಿ ಎರಡಿದ್ದವು. ಉದ್ದನೆಯದು ಬೆಳ್ಳಿ ಬಣ್ಣ, ಗಿಡ್ಡನೆಯದು ನನ್ನ ಸೈಕಲ್ಲಿಗೆ ಒಪ್ಪುವ ಕಪ್ಪು. ಕಪ್ಪನ್ನೇ ಹಾಕಿಸಿದೆ. ಮಂಡಿ ನೋಯದಷ್ಟು ಎತ್ತರಕ್ಕೆ ಎಳೆದಾಗ, ಇದಕ್ಕಿಂತ ಮೇಲೆ ಎಳೆಯಬಾರದು ಎಂಬ ಗೆರೆಯೇ ಹೊರಗೆ ಬಂತು. ಅಂಗಡಿಯವರು, "ಏನೂ ಆಗಲ್ಲ ಮೇಡಂ, ಲುಕ್ ನೋಡಿ" ಅಂದರು. ನೋಡಿದೆ, ಹೊರಟೆ.

ಮೊದಲ ಹಂಪ್ ದಾಟುವಾಗಲೇ ಕಂಬಿ ಕಿರ್ರೆಂದಿತು. ಅದು ಮುರಿದು ನಾನು ಬಸ್ಸಿನ ಮುಂದೆ ಬಿದ್ದೇಬಿಟ್ಟೆನೇನೋ ಎಂದು ಹೆದರಿ ಪೆಡಲ್ ಮೇಲೆ ಎದ್ದು ನಿಂತೆ. ಮತ್ತೆ ಕೂರುವ ಧೈರ್ಯ ಬರಲಿಲ್ಲ. ಹಿಂದೆಯೇ ಸೈಕಲ್ಲಿನಲ್ಲಿ ಬರುತ್ತಿದ್ದ ಗೆಳತಿ ಶಬಾನಾ ಪಕ್ಕಕ್ಕೆ ಬಂದು, "ಯಾಕೆ ನಿಂತ್ಕೊಂಡೇ ತುಳೀತಿದ್ದೀಯ?" ಅಂದಳು.

ವಿಷಯ ಹೇಳಿದೆ. ಅವಳು ತಕ್ಷಣ ನನ್ನನ್ನು ಇಳಿಸಿದಳು. "ನಡಿ ವಾಪಸ್. ಬಿದ್ರೆ ಹಲ್ಲಿಗೆ ಯಾವ ಬಣ್ಣ ಮ್ಯಾಚ್ ಮಾಡಿಸ್ತೀಯ?"

ಸೈಕಲ್ ತಳ್ಳಿಕೊಂಡೇ ಹಿಂತಿರುಗಿ ಬೆಳ್ಳಿ ಬಣ್ಣದ್ದನ್ನು ಹಾಕಿಸಿದೆ. ಮನೆಗೆ ಬಂದರೂ, ಅದು ಒಂದೇ ಎದ್ದು ಕಾಣುತ್ತದೇನೋ ಎಂಬ ಕಳವಳ ಹೋಗಲಿಲ್ಲ. ಗಂಡನನ್ನು ಕರೆದು ತೋರಿಸಿದೆ. ಅವರು ಸೈಕಲ್ಲಿಗೆ ಒಂದು ಸುತ್ತು ಬಂದು, "ಚೆನ್ನಾಗಿದೆ ಕಣೆ, ಬೆಲ್ ಹೊಸದಾ?" ಅಂದರು.

ಬೆಲ್ ನಮ್ಮ ಮದುವೆಗಿಂತ ಹಳೆಯದು.