ಟ್ರೇಲರಿನ ಎಡ ಮೂಲೆ

ಅನ್ಯಾಯ ಕಂಡರೆ ಸುಮ್ಮನಿರಲಾರದ ಕಾಯಿಲೆಯೊಂದು ನನಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಅದು ವಾಸಿಯಾಗುವ ಬದಲು ಉಲ್ಬಣಿಸಿದೆ. ಮದುವೆಮನೆಯಲ್ಲಿ ಹೆಂಗಸರ ಪಂಕ್ತಿ ಕೊನೆಯದೇಕೆ ಎಂದು ಕೇಳುತ್ತೇನೆ. ಬಸ್ ನಿಲ್ದಾಣದಲ್ಲಿ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂದು ವಿಚಾರಿಸುತ್ತೇನೆ. ನೆಂಟರು ನನ್ನನ್ನು ಊಟಕ್ಕೆ ಕರೆಯುವ ಮುನ್ನ ತಮ್ಮ ಮನೆಯನ್ನು ತಾವೇ ಒಮ್ಮೆ ತಪಾಸಣೆ ಮಾಡಿಕೊಳ್ಳುತ್ತಾರೆಂದು ಕೇಳಿದ್ದೇನೆ. ಇಂಥ ನನ್ನ ಅನ್ಯಾಯಗಳ ಪಟ್ಟಿಗೆ ಕಳೆದ ವರ್ಷ ಒಂದು ಚಕ್ರವೂ ಸೇರಿಕೊಂಡಿತೆಂದರೆ ನೀವು ಆಶ್ಚರ್ಯಪಡಬೇಕಾಗಿಲ್ಲ.

ಆದದ್ದಿಷ್ಟು. ನನ್ನ ಹಳೆಯ ಕಾರಿನ ಸ್ಟೇರಿಂಗು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಚಾಮರಾಜನಗರದ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವನು ಚಕ್ರವನ್ನು ಬಿಚ್ಚಿ ಯಂತ್ರಕ್ಕೆ ಸಿಕ್ಕಿಸಿ ಗಿರ್ರನೆ ತಿರುಗಿಸಿ, ಹುಣಸೆಬೀಜದಷ್ಟಿರುವ ಲೋಹದ ತುಣುಕೊಂದನ್ನು ಅದರ ಅಂಚಿಗೆ ಅಂಟಿಸಿ, "ಬ್ಯಾಲೆನ್ಸ್ ಆಯ್ತು, ತಕೊಂಡೋಗಿ ಮೇಡಂ" ಎಂದ. ಆ ತುಣುಕು ಸೀಸದ್ದೋ ಎಂದು ಕೇಳಿ, ಸೀಸವೆಂಬುದು ವಿಷವೆಂದು ಅವನಿಗೆ ತಿಳಿಹೇಳಿ ಹೊರಟೆ. ಆದರೆ ಮನಸ್ಸು ಮಾತ್ರ ಮರುಳಾಗಿತ್ತು. ಒಂದು ಬೀಜದಷ್ಟು ತೂಕ ಅಷ್ಟು ದೊಡ್ಡ ವಾಹನದ ನಡುಕವನ್ನು ನಿಲ್ಲಿಸುತ್ತದೆಂದರೆ! ಚಕ್ರದ ಭಾರ ಸುತ್ತಲೂ ಸಮನಾಗಿ ಹಂಚಿಹೋಗಿರಬೇಕು; ಒಂದು ಕಡೆ ಹೆಚ್ಚಾದರೆ ಇಡೀ ಬಂಡಿ ಕಂಪಿಸುತ್ತದೆ. ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಆ ಯಂತ್ರ ಅರ್ಧ ನಿಮಿಷದಲ್ಲಿ ಮಾಡಿ ತೋರಿಸಿತ್ತು.

ಹರವೆ ದಾಟಿ ನಮ್ಮೂರಿನ ಕಡೆ ತಿರುಗುವಾಗ ಮುಂದೆ ಸಿದ್ದರಾಜುವಿನ ಟ್ರ್ಯಾಕ್ಟರು ಹೋಗುತ್ತಿತ್ತು. ಅದರ ಟ್ರೇಲರಿನಲ್ಲಿ ಗುಂಡ್ಲುಪೇಟೆ ಕಡೆಯ ಹೊಲಗಳಲ್ಲಿ ಚೆಂಡುಹೂ ಬಿಡಿಸಿ ಹಿಂತಿರುಗುತ್ತಿದ್ದ ನಮ್ಮೂರಿನ ಹದಿನೆಂಟು ಹೆಂಗಸರು. ಹದಿನೆಂಟು ತಲೆಗಳೂ ಒಂದೇ ಲಯದಲ್ಲಿ ಕುಣಿಯುತ್ತಿದ್ದವು. ಟ್ರೇಲರಿನ ಚಕ್ರಗಳನ್ನು ನೋಡಿದೆ. ಒಂದಕ್ಕೂ ತೂಕದ ತುಣುಕಿರಲಿಲ್ಲ. ನಿವೃತ್ತ ಉಪಾಧ್ಯಾಯಿನಿಯೊಬ್ಬಳು ಕೂರುವ ಕಾರಿಗೆ ಅಷ್ಟು ಉಪಚಾರ, ಹದಿನೆಂಟು ಜನ ಕೂಲಿಕಾರರು ಕೂರುವ ಗಾಡಿಗೆ ಇಲ್ಲವೆ? ನನ್ನ ಕಾಯಿಲೆ ಕೆರಳಿತು.

ಟ್ರೇಲರು ಸರಕಿಗಾಗಿ ಇರುವುದು, ಜನರನ್ನು ಅದರಲ್ಲಿ ಸಾಗಿಸುವುದೇ ತಪ್ಪು ಎಂದು ನೀವು ಹೇಳಬಹುದು. ನಿಜ, ಅದನ್ನು ನಾನೂ ಅಧಿಕಾರಿಗಳಿಗೆ ಬರೆದಿದ್ದೇನೆ. ಹೂವನ್ನು ಬಿಸಿಲೇರುವ ಮುನ್ನ ಬಿಡಿಸಬೇಕು, ನಮ್ಮೂರಿಗೆ ಬಸ್ಸು ಬರುವುದು ಬಿಸಿಲೇರಿದ ಮೇಲೆ. ಬೆಳಗಿನ ಬಸ್ಸಿಗಾಗಿ ನಾನು ಸಲ್ಲಿಸಿದ ಮನವಿಗಳೆಲ್ಲ ಪರಿಶೀಲನೆಯಲ್ಲಿವೆ. ಬಸ್ಸು ಬರುವವರೆಗೆ ಚಕ್ರವಾದರೂ ನೆಟ್ಟಗಿರಲಿ ಎಂಬುದು ನನ್ನ ವಾದ.

ಸಿದ್ದರಾಜು ವಾದವನ್ನು ಪೂರ್ತಿ ಕೇಳಿಸಿಕೊಂಡು ನಕ್ಕ. "ಟ್ರೇಲರ್‌ಗೆ ಬ್ಯಾಲೆನ್ಸಾ? ನಮ್ ತಾತನ ಕಾಲ್ದಿಂದ್ಲೂವೆ ಯಾರೂ ಮಾಡ್ಸಿಲ್ಲ ಟೀಚ್ರಮ್ಮ."

"ನಿಮ್ಮ ತಾತನ ಕಾಲದಲ್ಲಿ ಟ್ರೇಲರ್ ಎಲ್ಲಿತ್ತಪ್ಪ?"

"ಅದ್ಕೇ ಮಾಡ್ಸಿಲ್ಲ" ಎಂದು ಮತ್ತಷ್ಟು ನಕ್ಕು, ತನ್ನ ಅಂತಿಮ ಸಾಕ್ಷ್ಯವನ್ನು ಮುಂದಿಟ್ಟ. "ಸ್ಟೇರಿಂಗ್ ಇಡ್ಕಂಡಿರನು ನಾನು. ನಂಗೇ ಏನೂ ಗೊತ್ತಾಗಲ್ವಲ್ಲ, ಇನ್ನ ಕುಲುಕ್ತದೆ ಅಂದ್ರೆ ಎಂಗೆ?"

ಲೋಕದ ಆಡಳಿತಗಳ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಲಾರರು. ನಾನು ಅವನಿಗೆ ಅಂಕಿ ಅಂಶಗಳೊಡನೆ ಉತ್ತರಿಸಲು ನಿರ್ಧರಿಸಿದೆ. ವಾರಕ್ಕೆ ಎರಡು ದಿನ ನಾನೂ ಟ್ರೇಲರಿನಲ್ಲಿ ಹೋಗಿ ಬರುವುದು, ಕುಲುಕಾಟವನ್ನು ದಾಖಲಿಸುವುದು.

ಮೊದಲ ದಿನ ಬೆಳಗ್ಗೆ ನಾನು ಟ್ರೇಲರನ್ನು ಹತ್ತಿದ ಸಂಭ್ರಮವನ್ನು ವರ್ಣಿಸುವುದಿಲ್ಲ. ಇಬ್ಬರು ಮೇಲಿಂದ ಎಳೆದರು, ಇಬ್ಬರು ಕೆಳಗಿನಿಂದ ನೂಕಿದರು ಎಂದಷ್ಟೇ ಹೇಳಿದರೆ ಸಾಕು. ಗುಂಪಿನ ಹಿರಿಯಳಾದ ಪುಟ್ಟತಾಯಮ್ಮ ಮುಂದಿನ ಎಡ ಮೂಲೆಯಲ್ಲಿ ಗೋಣಿಚೀಲವನ್ನು ಮಡಿಸಿ ಹಾಸಿ, "ಇಲ್ ಕುಂತ್ಕಳಿ ಟೀಚ್ರಮ್ಮ" ಎಂದಳು. ಅಲ್ಲಿ ಅದಾಗಲೇ ರತ್ನ ಕುಳಿತಿದ್ದಳು. ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಹುಡುಗಿ; ಮದುವೆಯಾಗಿ ನಾಲ್ಕು ವರ್ಷವಾಗಿದೆ. ನನ್ನನ್ನು ಕಂಡೊಡನೆ ತಟ್ಟನೆ ಎದ್ದು ನಿಂತು, "ನಮಸ್ತೆ ಮಿಸ್" ಎಂದು, ಹಿಂದಕ್ಕೆ ಸರಿದು ಬಲಗಡೆಯ ಚಕ್ರದ ಮೇಲ್ಭಾಗದಲ್ಲಿ ಕುಳಿತಳು. ಉಪಾಧ್ಯಾಯರು ಬಂದಾಗ ಮಕ್ಕಳು ಎದ್ದು ನಿಲ್ಲುವ ಪದ್ಧತಿಯನ್ನು ನಾನು ತತ್ತ್ವತಃ ವಿರೋಧಿಸುತ್ತ ಬಂದವಳು. ಆದರೂ ಅಂದು ಒಳಗೊಳಗೇ ಹಿತವಾಯಿತೆಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಬೇಡ ಬೇಡವೆಂದು ಎರಡು ಸಲ ಅಂದು, ಕುಳಿತೆ.

ಟ್ರ್ಯಾಕ್ಟರು ಹೊರಟಿತು. ನಾನು ಪುಸ್ತಕ ತೆರೆದೆ.

"ಟೀಚ್ರಮ್ಮ ಏನಮ್ಮಿ ಬರೀತಾವ್ರೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕುಲುಕಾಟ ಎಣಿಸ್ತಾವ್ರಂತೆ ಕಣಮ್ಮಿ."

"ಅಂಗಾರೆ ನಮ್ಮತ್ತೆ ಮಂಚಾನೂ ಬರ್ಕಳಕ್ಕೇಳು. ಅವ್ಳು ಮಗ್ಗುಲು ಬದಲಾಯ್ಸುದ್ರೆ ಗೋಡೆ ಮೇಲಿನ ದೇವ್ರ ಪಟ ಅಳ್ಳಾಡ್ತವೆ."

ನಗೆಯ ಅಲೆ ಅಡಗುವಷ್ಟರಲ್ಲಿ ತೆರಕಣಾಂಬಿ ಬಂದಿತ್ತು. ಅಂದು ನಾನು ಬರೆದದ್ದು ಹೀಗಿತ್ತು: ಕುಲುಕಾಟ ಇದೆ, ಆದರೆ ಸಹನೀಯ. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ನನಗೆ ತುಸು ನಿರಾಶೆಯಾಯಿತೆಂದೇ ಹೇಳಬೇಕು. ರತ್ನ ಪ್ರತಿ ಗುಂಡಿಯ ಬಳಿಯೂ ಎರಡು ಅಂಗೈಗಳನ್ನು ಹಲಗೆಗೆ ಊರಿ ತನ್ನ ಮೈಯನ್ನು ಒಂದಿಷ್ಟು ಮೇಲಕ್ಕೆತ್ತಿಕೊಳ್ಳುವುದನ್ನು ನೋಡಿ, ಎಳೆಯ ವಯಸ್ಸಿನ ಲವಲವಿಕೆಯೆಂದು ಭಾವಿಸಿ, ಯುವತಿಯರಿಗೆ ತೊಂದರೆ ಕಡಿಮೆ ಎಂದೂ ಬರೆದುಕೊಂಡೆ.

ಹೀಗೆ ಕುಳಿತು ಹೋಗುವಾಗ ಎತ್ತಿನ ಗಾಡಿಯ ನೆನಪು ಬರುತ್ತಿತ್ತು. ಹಿಂದೆ ಗಾಡಿಗೆ ಹೇರು ತುಂಬಿದ ಮೇಲೆ ಎತ್ತು ಕಟ್ಟುವ ಮುನ್ನ ನೊಗವನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹೇರು ಮುಂದಕ್ಕೆ ಹೆಚ್ಚಾದರೆ ಎತ್ತಿನ ಕತ್ತು ಕುಸಿಯುತ್ತದೆ, ಹಿಂದಕ್ಕೆ ಹೆಚ್ಚಾದರೆ ನೊಗವೇ ಮೇಲೇಳುತ್ತದೆ. ಎರಡು ಮೂಟೆಗಳನ್ನು ಅತ್ತಿತ್ತ ಸರಿಸಿ ಸಮ ಮಾಡಿದ ಮೇಲೆಯೇ ಗಾಡಿ ಹೊರಡುತ್ತಿತ್ತು. ಎತ್ತಿನ ಕತ್ತಿಗೆ ನೋವಾಗದಂತೆ ನೋಡಿಕೊಳ್ಳುವ ವಿವೇಕ ನಮ್ಮಲ್ಲಿ ಇತ್ತಲ್ಲ. ಟ್ರ್ಯಾಕ್ಟರಿಗೆ ಕತ್ತಿಲ್ಲವೆಂದು ತಿಳಿದೊಡನೆ ಆ ವಿವೇಕ ಎಲ್ಲಿಗೆ ಹೋಯಿತು? ಇದನ್ನು ನಾನು ಸಿದ್ದರಾಜುವಿಗೂ ಹೇಳಿದೆ. ಪದೇ ಪದೇ ಹೇಳಿದೆ. ಐದನೆಯ ವಾರದ ಒಂದು ಮಧ್ಯಾಹ್ನ ಅವನು ಕೈಮುಗಿದು, "ಬನ್ನಿ, ಗುಂಡ್ಲುಪೇಟೆ ಚೇಟನ ಅಂಗ್ಡೀಗೆ ಓಗನ. ಅವ್ನು ಯೋಳ್ದಂಗೆ ಮಾಡ್ತೀನಿ, ನನ್ ಬುಟ್ಬುಡಿ" ಎಂದ.

ಊಟಿ ರಸ್ತೆಯ ಬದಿಯಲ್ಲಿ ಟೈರಂಗಡಿ ಇಟ್ಟಿರುವ ಚೇಟ ವಯನಾಡಿನಿಂದ ಬಂದವನು. ಒಬ್ಬ ಮನುಷ್ಯನನ್ನು ಅವನ ಸೀಮೆಯ ಗುರುತಿನಿಂದಷ್ಟೇ ಕರೆಯುವುದು ಸರಿಯಲ್ಲವೆಂದು ನಾನು ಅವನ ಹೆಸರು ಕೇಳಿದೆ. "ಚೇಟ ಅಂದ್ರೆ ಅಣ್ಣ ಅಂತ ಮೇಡಂ. ಊರೆಲ್ಲ ಅಣ್ಣ ಅಂದ್ರೆ ನನಗೇನು ಲಾಸು?" ಎಂದು ಜಾಕಿಯನ್ನು ಟ್ರೇಲರಿನ ಅಡಿಗೆ ನೂಕಿದ. ಹೆಂಗಸರು ಇಳಿದು ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತ ನಿಂತರು.

ಚೇಟ ಬಲಗಡೆಯ ಚಕ್ರವನ್ನು ತಿರುಗಿಸಿ, ಸೀಮೆಸುಣ್ಣದ ತುಂಡೊಂದನ್ನು ಅಲ್ಲಾಡದಂತೆ ಅದರ ಹತ್ತಿರ ಹಿಡಿದ. ಟೈರಿನ ಒಂದು ಭಾಗ ಮಾತ್ರ ಸುಣ್ಣಕ್ಕೆ ತಾಗಿ ಬೆಳ್ಳಗಾಯಿತು. ಉಳಿದುದು ತಾಗಲೇ ಇಲ್ಲ.

"ಬ್ಯಾಲೆನ್ಸ್ ಬೇಕಾದ್ದು ಜೋರಾಗಿ ಓಡೋ ಗಾಡಿಗೆ ಮೇಡಂ. ಕಾರಿನ ಹಿಂದೆ ಕಟ್ಕೊಂಡು ಎಂಬತ್ತರಲ್ಲಿ ಎಳೆಯೋ ಟ್ರೇಲರಾದ್ರೆ ನಾನೇ ಮಾಡ್ಸಿ ಅಂತೀನಿ. ಇದು ಓಡೋದೇ ಇಪ್ಪತ್ತೈದ್ರಲ್ಲಿ. ಇದಕ್ಕೆ ಬೇಡ."

ನನ್ನ ಮುಖ ಬಾಡಿರಬೇಕು. ಸಿದ್ದರಾಜು ಮೀಸೆ ತೀಡಿಕೊಂಡ.

"ಆದ್ರೆ ಈ ಟೈರು ಗುಂಡಗೇ ಇಲ್ಲವಲ್ಲ! ಗುಂಡಗಿಲ್ಲದ್ದಕ್ಕೆ ಎಷ್ಟು ತೂಕ ಅಂಟಿಸಿದ್ರೂ ಗುಂಡಗಾಗ್ತದಾ? ಮತ್ತೆ ಗಾಳಿ ನೋಡಿ, ಕಲ್ಲು. ಕಬ್ಬು ಹೇರೋವಾಗ ಹಿಡಿಸೋ ಗಾಳೀನ ಜನ ಕೂತಾಗ್ಲೂ ಇಟ್ರೆ ಚೆಂಡು ಹಾರಿದ ಹಾಗೆ ಹಾರ್ತದೆ."

ಸಿದ್ದರಾಜುವಿನ ಕೈ ಮೀಸೆಯಿಂದ ಇಳಿಯಿತು. ಗುಂಡಗಿಲ್ಲದ ಚಕ್ರಕ್ಕೆ ತೂಕ ಅಂಟಿಸುವ ಕೆಲಸವನ್ನೇ ನಾನು ನನ್ನ ಬಹುಪಾಲು ಮನವಿಗಳಲ್ಲಿ ಮಾಡುತ್ತ ಬಂದಿದ್ದೇನಲ್ಲವೆ ಎಂದು ನಾನು ಯೋಚಿಸುತ್ತಿರುವಾಗಲೇ ಚೇಟ ಹೆಂಗಸರತ್ತ ತಿರುಗಿ ಕೇಳಿದ. "ಅಕ್ಕಾ, ಎಲ್ಲಿ ಕೂತ್ರೆ ಕಮ್ಮಿ ಎತ್ತಾಕ್ತದೆ?"

"ಮುಂದ್ಗಡೆ ಎಡ್ಗಡೆ ಮೂಲೆ" ಎಂದು ಏಳೆಂಟು ಬಾಯಿಗಳು ಒಟ್ಟಿಗೇ ಹೇಳಿದವು.

"ಅಲ್ಲಿ ಯಾರು ಕೂರೋದು?"

ಎಲ್ಲರೂ ತಂತಮ್ಮ ಟೀ ಲೋಟಗಳನ್ನು ನೋಡಿಕೊಂಡರು. "ಟೀಚ್ರಮ್ಮ" ಎಂದು ಸಿದ್ದರಾಜು ನಿಷ್ಕಪಟವಾಗಿ ಹೇಳಿದ.

ಐದು ವಾರ ಕಷ್ಟಪಟ್ಟು ನಾನು ಸಂಗ್ರಹಿಸಿದ್ದ ಸಾಕ್ಷ್ಯವೆಲ್ಲ ಆ ಗಾಡಿಯ ಅತ್ಯಂತ ಮೆತ್ತನೆಯ ಜಾಗದ್ದಾಗಿತ್ತು. ಸಹನೀಯ ಎಂಬ ಪದವನ್ನು ನಾನು ಎಂಥ ಆಸನದಲ್ಲಿ ಕುಳಿತು ಬರೆದಿದ್ದೆ! ಅಲ್ಲಿಗೆ ನಿಂತಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಪುಟ್ಟತಾಯಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ತೆಪ್ ತಿಳ್ಕಬ್ಯಾಡಿ ಟೀಚ್ರಮ್ಮ. ಆ ಜಾಗ ಯಾರ್ದೂ ಅಲ್ಲ. ಯಾರ್ಗೆ ಬೇಕೋ ಅವರ್ಗೆ. ಜ್ವರ ಬಂದೋರ್ಗೆ, ಮುಟ್ಟಾದೋರ್ಗೆ... ಯಾರೂ ಬಾಯ್ಬುಟ್ಟು ಕೇಳಲ್ಲ, ನಾವೇ ನೋಡಿ ಕೂರುಸ್ತೀವಿ. ನೀವು ದೊಡ್ಡೋರು ಬಂದ್ರಿ, ನಂಗೆ ಬ್ಯಾರೆ ತೋಚ್ನಿಲ್ಲ."

"ನಾನು ಬರುವ ಮೊದಲು ಅದು ಯಾರಿಗೆ ಬೇಕಾಗಿತ್ತು?"

ಅವಳ ಕಣ್ಣು ರತ್ನಳ ಕಡೆ ಹೊರಳಿತು. ಎರಡು ಅಂಗೈ ಊರಿ ಮೈಯೆತ್ತಿಕೊಳ್ಳುತ್ತಿದ್ದ ಭಂಗಿಯ ಅರ್ಥ ನನಗೆ ಆಗ ಆಯಿತು.

ಮಾರನೆಯ ದಿನ ಹೊಲದ ಬದುವಿನಲ್ಲಿ ರತ್ನಳನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಿದೆ. ಎರಡು ಸಲ ಬಸಿರಾಗಿ, ಎರಡು ಸಲವೂ ಮೂರನೆಯ ತಿಂಗಳಲ್ಲಿ ಹೋಗಿತ್ತು. ಈ ಸಲ ಗಂಡನಿಗೂ ತಿಳಿಸಿರಲಿಲ್ಲ. "ಯೋಳೋದು, ಎಲ್ರೂ ಖುಷಿಪಡೋದು, ಆಮೇಲೆ ಎಲ್ರೂ ನನ್ ಮುಖ ನೋಡೋದು. ಸಾಕಾಗದೆ ಮಿಸ್. ನಿಂತ್ಮೇಲೆ ಯೋಳ್ತೀನಿ. ಮನೇಲಿ ಕುಂತ್ರೆ ಗೊತ್ತಾಗ್ಬುಡ್ತದೆ, ಅದ್ಕೇ ಬತ್ತಾವ್ನಿ."

"ನನಗಾದರೂ ಹೇಳಬಾರದಿತ್ತೆ? ಎದ್ದೇಳಿ ಅನ್ನಬಾರದಿತ್ತೆ?"

"ಮಿಸ್‌ಗೆ ಎದ್ದೇಳಿ ಅಂತ ಎಂಗನ್ನದು?" ಎಂದು ರತ್ನ ನಕ್ಕುಬಿಟ್ಟಳು. ತತ್ತ್ವತಃ ಏನೇ ಅಂದರೂ, ಬೆಂಚಿನಿಂದ ಎದ್ದು ನಿಲ್ಲುವುದನ್ನು ಕಲಿಸಿದ್ದೆ. ತನ್ನ ಜಾಗ ತನಗೆ ಬೇಕೆಂದು ಹೇಳುವುದನ್ನು ಆ ಮೂವತ್ತು ವರ್ಷಗಳಲ್ಲಿ ಕಲಿಸಿರಲಿಲ್ಲ.

ಅವಳನ್ನು ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದೆ. ಹಗುರ ಕೆಲಸ ಮಾಡಬಹುದು, ಆದರೆ ಎಚ್ಚರವಾಗಿರಬೇಕು ಎಂದರು ಅಲ್ಲಿಯ ವೈದ್ಯೆ. ಚೇಟ ಬಲಗಡೆಗೆ ಒಂದು ಹಳೆಯ, ಆದರೆ ಗುಂಡಗಿನ ಟೈರನ್ನು ಹಾಕಿಕೊಟ್ಟ. ಸಿದ್ದರಾಜು ಹೆಂಗಸರನ್ನು ಕೂರಿಸುವ ದಿನ ಗಾಳಿ ಇಳಿಸುವುದನ್ನು ಕಲಿತ. ಕುಲುಕಾಟ ತಗ್ಗಿತು, ರಸ್ತೆ ಬದಲಾಗಲಿಲ್ಲವಾದ್ದರಿಂದ ನಿಲ್ಲಲಿಲ್ಲ. ರತ್ನ ಎಡ ಮೂಲೆಗೆ ಮರಳಿದಳು. ನಾನು ಬಲಗಡೆಯ ಚಕ್ರದ ಮೇಲೆ ಕುಳಿತೆ, ಮತ್ತು ಮೊದಲ ದಿನವೇ ಬೆಳಗಿನ ಬಸ್ಸಿನ ಮನವಿಯನ್ನು ಹೊಸದಾಗಿ ಬರೆದೆ. ಅದರ ಭಾಷೆ ಹಿಂದಿನದಕ್ಕಿಂತ ಬಹಳ ಖಾರವಾಗಿತ್ತು.

ಮೂರನೆಯ ತಿಂಗಳು ಮುಗಿಯುವವರೆಗೆ ನಾವು ಹದಿನೆಂಟು ಜನವೂ ಆ ಮೂಲೆಯನ್ನು ನೋಡದಂತೆ ನೋಡುತ್ತಿದ್ದೆವು. ತಿಂಗಳು ದಾಟಿತು. ರತ್ನ ಗಂಡನಿಗೆ ಹೇಳಿದಳು. ಏಳನೆಯ ತಿಂಗಳಲ್ಲಿ ಚಂದಕವಾಡಿಯ ತವರಿಗೆ ಹೋದಳು. ಅಲ್ಲಿಂದ ಒಂದು ಮುಂಜಾನೆ ಪುಟ್ಟತಾಯಮ್ಮನಿಗೆ ಫೋನು ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಟ್ರೇಲರಿನಲ್ಲಿ ಎಲ್ಲರ ಅಂಗೈಗೂ ಸಕ್ಕರೆ ಬಿತ್ತು. ಸಿದ್ದರಾಜು ತನ್ನ ಟೈರಿನಿಂದಲೇ ಇದೆಲ್ಲ ಆಯಿತೆಂಬಂತೆ ಎರಡು ಸಲ ಕೈ ಚಾಚಿದ.

ಸಕ್ಕರೆ ನೆಕ್ಕಿ ನಾನು ಎಂದಿನಂತೆ ಬಲಗಡೆಗೆ ಹೋಗಿ ಕೂರಲು ಬಗ್ಗಿದೆ. ಚಕ್ರದ ಮೇಲೆ ಕುಳಿತು ಕುಳಿತು ಕೆಲವು ವಾರಗಳಿಂದ ನನ್ನ ಸೊಂಟ ಹಿಡಿದುಕೊಳ್ಳುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಬಗ್ಗುವಾಗ ಹಲಗೆಯನ್ನು ಹಿಡಿದುಕೊಳ್ಳುತ್ತಿದ್ದೆ, ಅಷ್ಟೆ. ಪುಟ್ಟತಾಯಮ್ಮ ನನ್ನ ರಟ್ಟೆ ಹಿಡಿದು ಮುಂದಿನ ಎಡ ಮೂಲೆಗೆ ನಡೆಸಿಕೊಂಡು ಹೋದಳು.

"ಬೇಡ ಪುಟ್ಟತಾಯಮ್ಮ, ಮತ್ತೆ ನನಗೆ ಮರ್ಯಾದೆ ಮಾಡಬೇಡ" ಎಂದೆ.

"ಮರ್ವಾದೆ ಯಾರ್ ಮಾಡುದ್ರು?" ಎಂದು ಅವಳು ಗದರಿದಳು. "ಸೊಂಟ ನೋಯ್ತದೆ ಅಂತ ಬಾಯ್ಬುಟ್ಟು ಯೋಳಕ್ಕೆ ನಿಮ್ಗೂ ಬರಾಕಿಲ್ವಲ್ಲ. ಸುಮ್ನೆ ಕುಂತ್ಕಳಿ ಅತ್ಲಾಗೆ."

ಉಳಿದವರೆಲ್ಲ ಬೇರೆ ಕಡೆ ನೋಡುತ್ತಿದ್ದರು. ನಾನು ಎರಡನೆಯ ಸಲ ಬೇಡವೆನ್ನದೆ ಹೋಗಿ ಕುಳಿತೆ.