ಪೊಸಿಷನರಿಗೆ ಹಚ್ಚಿದ ವಿಭೂತಿ

ಸಗರದ ಅಮರಪ್ಪನಿಗೆ ಯಂತ್ರಗಳ ಮೇಲೆ ಭಕ್ತಿ ಜಾಸ್ತಿ, ಬಾಯಿ ಮಾತ್ರ ಕಡಿಮೆ. ಯಾದಗಿರಿ ದಾರಿಯ ನೂಲಿನ ಗಿರಣಿಯೊಂದರಲ್ಲಿ ಹವೆಯನ್ನು ತಂಪಾಗಿ, ತೇವವಾಗಿ ಇಡುವ ಯಂತ್ರಗಳು ಅವನ ಪಾಲಿನವು. ಹವೆ ಒಣಗಿತೆಂದರೆ ಅಲ್ಲಿ ನೂಲು ಪಟಪಟ ಹರಿದುಹೋಗುತ್ತದೆ.

ಆ ವ್ಯವಸ್ಥೆ ಹಳೆಯದು, ಕಂಪ್ರೆಸರಿನ ಗಾಳಿಯಿಂದಲೇ ನಡೆಯುವಂಥದ್ದು. ತೇವ ಅಳೆಯುವ ಪೆಟ್ಟಿಗೆ ಸಣ್ಣ ಕೊಳವೆಯಲ್ಲಿ ಒಂದಿಷ್ಟು ಗಾಳಿ ಒತ್ತಿ ಕಳಿಸುತ್ತದೆ. ಡ್ಯಾಂಪರ್, ಅಂದರೆ ಹೊರಗಿನ ಹವೆ ಬರುವ ಭಾರದ ಬಾಗಿಲು, ಅಷ್ಟಕ್ಕೆಲ್ಲ ಅಲುಗುವುದಿಲ್ಲ. ಆ ಸಣ್ಣ ಒತ್ತಡಕ್ಕೆ ತಕ್ಕಂತೆ ದೊಡ್ಡ ಗಾಳಿ ಬಿಡುವುದು ರಿಲೇ. ಬಾಗಿಲು ಹೇಳಿದಷ್ಟೇ ತೆರೆಯಿತೋ ಇಲ್ಲವೋ ನೋಡಿ ಗಾಳಿಯನ್ನು ಹೆಚ್ಚುಕಡಿಮೆ ಮಾಡುವುದು ಪೊಸಿಷನರ್. ಅದಕ್ಕೊಂದು ಸೂಜಿಮೊನೆಯಷ್ಟು ತೂತು. ಅಲ್ಲಿಂದ ಸದಾ ಗಾಳಿ ಸುಸ್ಸೆಂದು ಹೊರಹೋಗುತ್ತಿರಬೇಕು. ಅದು ಕಟ್ಟಿದರೆ ಒತ್ತಡ ಇಳಿಯುವುದಿಲ್ಲ, ತೆರೆದ ಬಾಗಿಲು ತೆರೆದೇ ಇರುತ್ತದೆ.

ಕಳೆದ ವರ್ಷ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಗಿರಣಿ ನಿಂತಿತ್ತು, ಕಂಪ್ರೆಸರೂ ನಿಂತಿತ್ತು. ಅಮರಪ್ಪ ಒಂದೊಂದು ಯಂತ್ರವನ್ನೂ ಒರೆಸಿ, ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಿಂದ ಎಳೆದ. ಗಾಳಿ ಓಡುತ್ತಿದ್ದರೆ ಪೊಸಿಷನರಿನ ತೂತಿನ ಬಳಿಯದು ಹಾರಿಹೋಗುತ್ತಿತ್ತು. ಅಂದು ಒಳಗಿಳಿದು ಒಣಗಿ ಗಟ್ಟಿಯಾಯಿತು.

ಮರುದಿನ ಹೊರಗಿನ ಒಣಹವೆ ಒಂದೇ ಸಮ ನುಗ್ಗಿತು. ಶಹಾಪುರದ ಉಮೆಸಲ್ಮಾಳ ನೂಲುವ ಯಂತ್ರ ಆ ಬಾಗಿಲ ಬಳಿಯೇ ಇತ್ತು. ಹರಿದ ಎಳೆ ಜೋಡಿಸಿ ಜೋಡಿಸಿ ಅವಳಿಗೆ ಸಾಕುಸಾಕಾಯಿತು.

"ಇವತ್ತ ಹವಾನೇ ಸರಿ ಇಲ್ರಿ ಸಾಹೇಬ್ರ," ಎಂದಳು ಸೂಪರ್‌ವೈಸರಿಗೆ.

"ಅಮರಪ್ಪನ ಮಷಿನ್ ಎಂದೂ ತಪ್ಪಿಲ್ಲ. ನಿನ್ನ ಕೈನೇ ಸರಿ ಇಲ್ಲ," ಎಂದು ಆತ ಅವಳನ್ನು ಕೆಲಸದಿಂದ ತೆಗೆದ. ಎಂಥ ನ್ಯಾಯ!

ಸಂಜೆ ಅಮರಪ್ಪ ಕಟ್ಟಿದ ತೂತನ್ನು ಕಂಡ. ಸಣ್ಣ ತಂತಿಯಿಂದ ಬಿಡಿಸಿದ, ಬಾಯಿ ಮಾತ್ರ ಬಿಡಲಿಲ್ಲ. ವಿಭೂತಿ ಹಚ್ಚಿ ಯಂತ್ರ ಕೆಡಿಸಿದವನೆಂದು ನಾಲ್ಕು ಜನ ನಕ್ಕಾರೆಂಬ ನಾಚಿಕೆ. ನಾಚಿಕೆಯಂತೆ! ಅವಳ ಅನ್ನ ಹೋಗಿತ್ತು, ಇವನಿಗೆ ತನ್ನ ಮರ್ಯಾದೆಯ ಚಿಂತೆ.

ಆಮೇಲೆ ಅದು ಅವನನ್ನು ಒಳಗೊಳಗೇ ತಿಂದಿತು. ತಡೆಯಲಾರದೆ ಒಂದು ದಿನ ಶಹಾಪುರಕ್ಕೆ ಹೋದ. ಉಮೆಸಲ್ಮಾ ಆಗಷ್ಟೇ ಯಾರದೋ ಹೊಲದಲ್ಲಿ ಹತ್ತಿ ಬಿಡಿಸಿ ಬಂದಿದ್ದಳು, ಬೆರಳೆಲ್ಲ ತರಚಿದ್ದವು.

"ತಪ್ಪು ನಂದು ತಂಗಿ," ಎಂದು ಅಮರಪ್ಪ ಎಲ್ಲವನ್ನೂ ಹೇಳಿದ. "ನಿನ್ನ ಕೈದಾಗ ಏನೂ ತಪ್ಪಿದ್ದಿಲ್ಲ."

ಅವಳು ನೀರಿನ ಚೊಂಬನ್ನು ಅವನ ಮುಂದಿಟ್ಟಳು.

"ಅದು ನನಗ ಅವತ್ತೇ ಗೊತ್ತಿತ್ತು ಅಮರಣ್ಣ. ಗೊತ್ತಿಲ್ಲದ್ದು ಸಾಹೇಬ್ರಿಗೆ. ಅವರಿಗೆ ಹೇಳೀರೇನು?"

ಅಮರಪ್ಪ ಇನ್ನೂ ಹೇಳಿರಲಿಲ್ಲ.